ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ ಮತ್ತು ಸುಸ್ಥಿರ ಅಭಿವೃದ್ಧಿ: ಆನೆಗೊಂದಿ ಸೀಮೆ

ಕಂಪನಿಯೊಂದು ತಾನು ಗಳಿಸಿದ ಲಾಭದ ಜೊತೆಗೆ, ತನ್ನ ವಹಿವಾಟು ತಟ್ಟುವ ಜನ, ನೆಲ, ನೀರುಗಳ ಹೊರೆಯನ್ನೂ ಹೊರಬೇಕೆಂಬ ವಿಚಾರಕ್ಕೆ ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ ಎಂದು ಹೆಸರು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಇದು ಸಿಎಸ್‌ಆರ್ ಎಂಬ ಮೂರೇ ಅಕ್ಷರಗಳಲ್ಲಿ ಬಳಕೆಯಾಗುತ್ತದೆ. ಶಾಲೆಯ ಗೋಡೆ, ನೀರಿನ ಘಟಕ, ಬಸ್ ತಂಗುದಾಣಗಳ ಮೇಲೆ ಅದೇ ಅಕ್ಷರಗಳು. ಮುಂದಿನ ಪೀಳಿಗೆಯ ಪಾಲಿಗೆ ಕೈಹಾಕದೆ ಇಂದಿನವರ ಅಗತ್ಯ ಪೂರೈಸುವ ಬೆಳವಣಿಗೆಯೇ ಸುಸ್ಥಿರ ಅಭಿವೃದ್ಧಿ. ಮೊದಲನೆಯದನ್ನು ಅಳೆಯುವುದು ಖರ್ಚಾದ ರೂಪಾಯಿಗಳಲ್ಲಿ, ಎರಡನೆಯದನ್ನು ಉಳಿದುಬಂದ ವಸ್ತುಗಳಲ್ಲಿ. ಹೀಗಾಗಿ ಇವೆರಡರ ನಂಟು ಪುಸ್ತಕದಲ್ಲಿ ಕಾಣುವಷ್ಟು ನೇರವಾಗಿಲ್ಲ. ತುಂಗಭದ್ರೆಯ ಎಡದಂಡೆಯ ಆನೆಗೊಂದಿ ಮತ್ತು ಅದರ ಸುತ್ತಲ ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ನೋಡಿದರೆ ಆ ನಂಟಿನ ಬಲವೂ ಬಿರುಕೂ ಕಾಣುತ್ತವೆ.

ಸೀಮೆ

ಆನೆಗೊಂದಿ ಗಂಗಾವತಿ ತಾಲ್ಲೂಕಿನ ಗ್ರಾಮ. ವಿಜಯನಗರದ ಆರಂಭದ ಅರಸರ ನೆಲೆ. ಗಗನ ಮಹಲ್, ರಂಗನಾಥ ದೇವಸ್ಥಾನ, ಬಣ್ಣದ ಛಾವಣಿಯ ಹುಚ್ಚಪ್ಪಯ್ಯನ ಮಠ, ಹೊಳೆಯ ನಡುಗಡ್ಡೆಯ ನವಬೃಂದಾವನ, ಸಮೀಪದ ಪಂಪಾ ಸರೋವರ, 575 ಮೆಟ್ಟಿಲುಗಳ ಅಂಜನಾದ್ರಿ, ಎಲ್ಲವೂ ಕೆಲವೇ ಕಿಲೋಮೀಟರ್ ಒಳಗಿವೆ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ತಾಣದ ನಿರ್ವಹಣೆಗೆಂದು 2002ರಲ್ಲಿ ಬಂದ ಪ್ರಾಧಿಕಾರದ ಕಾಯ್ದೆ ಹೊಳೆಯ ಎರಡೂ ದಡಗಳ 29 ಗ್ರಾಮಗಳಿಗೆ ಅನ್ವಯಿಸುತ್ತದೆ. ಆನೆಗೊಂದಿ ಅವುಗಳಲ್ಲಿ ಒಂದು. ಇಲ್ಲಿ ಮನೆಗೊಂದು ಮಹಡಿ ಏರಿಸಬೇಕಾದರೂ ಅನುಮತಿ ಬೇಕು.

ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಜಿಲ್ಲೆಯೊಳಗೇ ಎರಡು ಲೋಕಗಳಿವೆ. ಗಂಗಾವತಿ ಕಡೆ ಕಾಲುವೆ ನೀರು, ಭತ್ತ, ಬಾಳೆ, ಅಕ್ಕಿ ಗಿರಣಿ. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯಾಶ್ರಿತ ಹೊಲ ಮತ್ತು ಗುಳೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ ಕುಷ್ಟಗಿಯೂ ಯಲಬುರ್ಗಾವೂ ಆ ಪಟ್ಟಿಯಲ್ಲಿದ್ದವು.

ಕಾನೂನಿಗೆ ಮೊದಲು

ಉಳ್ಳವರು ಊರಿಗೆ ಕೊಡಬೇಕೆಂಬುದು ಈ ಸೀಮೆಗೆ ಹೊಸ ಮಾತಲ್ಲ. ಕೆರೆ ಕಟ್ಟಿಸಿದ ಅರಸರು, ಅಧಿಕಾರಿಗಳು, ವರ್ತಕರು, ದೇವಸ್ಥಾನಗಳ ಹೆಸರು ಕನ್ನಡ ಶಾಸನಗಳ ತುಂಬ ಇವೆ. ಈ ಲೇಖನಕ್ಕೆ ಬೇಕಾದದ್ದು ಅವರ ಔದಾರ್ಯಕ್ಕಿಂತ ಅವರ ಲೆಕ್ಕಾಚಾರ. ಕೆರೆಯ ಜೊತೆಗೇ ಬಿತ್ತುವಟ್ಟ ಬಿಡುತ್ತಿದ್ದರು: ಕೆರೆಯ ನೀರುಂಡು ಬೆಳೆಯುವ ಗದ್ದೆಯ ಒಂದು ಭಾಗ, ಅಥವಾ ಅದರ ಹುಟ್ಟುವಳಿಯ ಪಾಲು, ಆ ಕೆರೆಯ ಪೋಷಣೆಗೇ ಮೀಸಲು. ಹೂಳು ತೆಗೆಯುವ ಬಂಡಿಗೂ ದತ್ತಿ ಇರುತ್ತಿತ್ತು. ಕಟ್ಟಿದವನು ಸತ್ತರೂ, ರಾಜ್ಯ ಉರುಳಿದರೂ ಏರಿಯ ದುರಸ್ತಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಏಳದಂತೆ ಮಾಡಿದ ಏರ್ಪಾಡು ಅದು. ಇಂದಿನ ಯೋಜನಾ ವರದಿಗಳಲ್ಲಿ ಹುಡುಕಿದರೂ ಸಿಗದಿರುವುದು ಬಹುತೇಕ ಇದೊಂದೇ.

ಆನೆಗೊಂದಿ, ಸಾಣಾಪುರ, ಗಂಗಾವತಿ ಕಡೆಯ ವಿಜಯನಗರ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಕೆಲವು ಹಳೆಯ ಕಾಲುವೆಗಳು ಮುಳುಗಿದವು, ಉಳಿದವು ಅಣೆಕಟ್ಟಿನ ಕೆಳಗೆ ಇನ್ನೂ ಬಳಕೆಯಲ್ಲಿವೆ. ಇತ್ತೀಚಿನ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಅವುಗಳ ಆಧುನೀಕರಣವೂ ನಡೆದಿದೆ. ಆನೆಗೊಂದಿಯ ಬಾಳೆ ತೋಟ ನಿಂತಿರುವುದು ಈ ಕಾಲುವೆಗಳ ಮೇಲೆ. ಅದೇ ಹೊಳೆಗೆ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ, ತುಂಬಿದ ಜಲಾಶಯದ ನೀರು ದಿನಗಟ್ಟಲೆ ಹರಿದುಹೋಯಿತು. ಎಷ್ಟು ದೊಡ್ಡ ಕಟ್ಟಡವಾದರೂ ಅದರ ಆಯುಸ್ಸು ನಿರ್ವಹಣೆಯ ಕೈಯಲ್ಲಿದೆ ಎಂಬುದು ಎಡದಂಡೆಯ ರೈತರಿಗೆ ಅಂದು ಮತ್ತೆ ಗೊತ್ತಾಯಿತು.

ಪರಿಕಲ್ಪನೆಯ ಬೆಳವಣಿಗೆ

ಆಧುನಿಕ ಚರ್ಚೆ ಅಮೆರಿಕದ ಹೊವರ್ಡ್ ಬೊವೆನ್ 1953ರಲ್ಲಿ ಬರೆದ ಪುಸ್ತಕದಿಂದ ಆರಂಭವಾಯಿತೆಂದು ಹೇಳುವುದು ವಾಡಿಕೆ. ಕಾನೂನಿನ ಚೌಕಟ್ಟಿನಲ್ಲಿ ಲಾಭ ಹೆಚ್ಚಿಸುವುದೇ ಉದ್ಯಮದ ಸಾಮಾಜಿಕ ಹೊಣೆ ಎಂದು ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ವಾದಿಸಿದ. ಭಾರತದಲ್ಲಿ ಅದಕ್ಕೂ ಮೊದಲೇ ಗಾಂಧೀಜಿ, ಸಂಪತ್ತಿಗೆ ಧನಿಕ ಒಡೆಯನಲ್ಲ, ಧರ್ಮದರ್ಶಿ ಮಾತ್ರ ಎಂದು ಹೇಳಿದ್ದರು. ಸುಸ್ಥಿರ ಅಭಿವೃದ್ಧಿಯ ಪ್ರಚಲಿತ ವ್ಯಾಖ್ಯೆ 1987ರ ಬ್ರುಂಟ್‌ಲಾಂಡ್ ಆಯೋಗದ ವರದಿಯದು. 1990ರ ದಶಕದಲ್ಲಿ ಜಾನ್ ಎಲ್ಕಿಂಗ್ಟನ್ ಲಾಭದ ಜೊತೆ ಜನ ಮತ್ತು ಭೂಮಿಯ ಲೆಕ್ಕವನ್ನೂ ಇಡಬೇಕೆಂದ ಮೇಲೆ ಎರಡೂ ಧಾರೆಗಳು ಹತ್ತಿರ ಬಂದವು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳ ಪಟ್ಟಿ ಕಂಪನಿಗಳ ವಾರ್ಷಿಕ ವರದಿಗೆ ಒಳ್ಳೆಯ ಅಲಂಕಾರವಾಗಿದೆ; ಒಂದು ಹೊಲಿಗೆ ಯಂತ್ರ ಹಂಚಿದರೂ ನಾಲ್ಕು ಗುರಿಗಳ ಬಣ್ಣದ ಚೌಕಗಳು ಪುಟದ ಅಂಚಿನಲ್ಲಿ ಅಚ್ಚಾಗುತ್ತವೆ. ಆದರೆ ಆನೆಗೊಂದಿಯಂಥ ಊರಿಗೆ ನಿಜವಾಗಿ ತಾಕುವ ಉಪಗುರಿಗಳೂ ಅದರಲ್ಲಿವೆ: ಸ್ಥಳೀಯ ಸಂಸ್ಕೃತಿಗೆ, ಸ್ಥಳೀಯರ ಉದ್ಯೋಗಕ್ಕೆ ಒದಗುವ ಪ್ರವಾಸೋದ್ಯಮ ಮತ್ತು ಪರಂಪರೆಯ ತಾಣಗಳ ರಕ್ಷಣೆ.

ಭಾರತದ ಕಾನೂನು

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಏಳನೇ ಪರಿಚ್ಛೇದದಲ್ಲಿ ಹೇಳಿದ ಕೆಲಸಗಳಿಗೆ ಖರ್ಚು ಮಾಡಬೇಕು. ಶಿಕ್ಷಣ, ಆರೋಗ್ಯ, ಪರಿಸರದ ಜೊತೆಗೆ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರ ಮತ್ತು ಸಾಂಪ್ರದಾಯಿಕ ಕಲೆ, ಕರಕುಶಲಗಳ ಪೋಷಣೆಯೂ ಆ ಪರಿಚ್ಛೇದದಲ್ಲಿವೆ. ಕಂಪನಿ ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ತನ್ನ ನೌಕರರಿಗಷ್ಟೇ ಆಗುವ ಅನುಕೂಲ, ದಿನನಿತ್ಯದ ವ್ಯಾಪಾರದ ಭಾಗವಾದ ಕೆಲಸ ಇದರ ಲೆಕ್ಕಕ್ಕೆ ಬರುವುದಿಲ್ಲ.

2021ರ ಜನವರಿಯಲ್ಲಿ ಜಾರಿಯಾದ ತಿದ್ದುಪಡಿಗಳು ಹಗ್ಗವನ್ನು ಬಿಗಿಗೊಳಿಸಿದವು. ಖರ್ಚಾಗದ ಹಣವನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. ನಡೆಯುತ್ತಿರುವ ಯೋಜನೆಯದಾದರೆ ಪ್ರತ್ಯೇಕ ಬ್ಯಾಂಕ್ ಖಾತೆಗೆ, ಇಲ್ಲವಾದರೆ ಸರ್ಕಾರ ಸೂಚಿಸಿದ ನಿಧಿಗೆ. ಸಿಎಸ್‌ಆರ್ ಹೊಣೆ ಸರಾಸರಿ 10 ಕೋಟಿ ಮುಟ್ಟುವ ಕಂಪನಿ, 1 ಕೋಟಿ ಮತ್ತು ಅದಕ್ಕೂ ಮೇಲಿನ ಯೋಜನೆಗಳ ಪರಿಣಾಮವನ್ನು ಹೊರಗಿನವರಿಂದ ಅಳೆಸಬೇಕು. ಆಡಳಿತ ವೆಚ್ಚ ಶೇ 5 ದಾಟಬಾರದು. ನಡೆಯುತ್ತಿರುವ ಯೋಜನೆಗೂ ಆರಂಭದ ವರ್ಷ ಬಿಟ್ಟು ಮೂರೇ ವರ್ಷದ ಗಡುವು.

ಗಂಟು ಬೀಳುವುದು ಈ ಮೂರು ವರ್ಷದಲ್ಲೇ. ಕಾನೂನು ಲೆಕ್ಕಪತ್ರವನ್ನು ಕಾಯುತ್ತದೆ, ಅದು ಒಳ್ಳೆಯದು. ಆದರೆ ಕುಶಲಕರ್ಮ ಕಲಿಸುವುದು, ಸ್ಮಾರಕದ ಗೋಡೆ ಉಳಿಸುವುದು, ಕೆರೆಗೆ ನೀರು ತರುವುದು ಮಾರ್ಚ್ 31ಕ್ಕೆ ಮುಗಿಯುವ ಕೆಲಸಗಳಲ್ಲ. ಹಣಕಾಸು ವರ್ಷದ ಕೊನೆಯ ವಾರಗಳಲ್ಲಿ ಬೆಂಚು, ಬ್ಯಾಗು, ಗಣಕಯಂತ್ರಗಳ ವಿತರಣಾ ಸಮಾರಂಭ ಒತ್ತಾಗುವುದಕ್ಕೆ ಇದೇ ಕಾರಣ. ಹಂಚಿದ್ದು ಬೇಗ ಲೆಕ್ಕಕ್ಕೆ ಸಿಗುತ್ತದೆ.

ಬಾಳೆನಾರು

ಆನೆಗೊಂದಿಯ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಬರುವುದು ಬಾಳೆನಾರಿನ ಕೆಲಸದಿಂದ. ಶಮಾ ಪವಾರ್ 1997ರಲ್ಲಿ ಸ್ಥಾಪಿಸಿದ ಕಿಷ್ಕಿಂಧಾ ಟ್ರಸ್ಟ್ ಊರಿನ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಿತು. ಗೊನೆ ಕಡಿದ ಮೇಲೆ ಬಾಳೆಗಿಡಕ್ಕೆ ಬೆಲೆಯಿಲ್ಲ. ಅದೇ ಬುಡದಲ್ಲಿ ಮರಿ ಏಳುತ್ತದೆ, ಹಳೆಯ ದಿಂಡು ತೋಟದ ಬದುವಿನಲ್ಲಿ ಕೊಳೆಯುತ್ತದೆ, ಇಲ್ಲವೇ ಎಸೆಯಲ್ಪಡುತ್ತದೆ. ಆ ದಿಂಡಿನ ಹೊರಪಟ್ಟೆಗಳನ್ನು ಬಿಡಿಸಿ, ಸೀಳಿ, ಬಿಸಿಲಿಗೆ ಹಾಕುತ್ತಾರೆ. ಒಣಗಿದ ಪಟ್ಟೆ ಹುಲ್ಲಿನ ಬಣ್ಣಕ್ಕೆ, ಕೆಲವು ಕಡೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕೈಯಲ್ಲಿ ಹೊಸೆದು ಹುರಿ ಮಾಡುತ್ತಾರೆ. ಹುರಿ ಎಷ್ಟು ಸಮವಾಗಿ ಬರುತ್ತದೋ ಅಷ್ಟು ವಸ್ತುವಿಗೆ ಬೆಲೆ. ಅದರಿಂದ ಚೀಲ, ಬುಟ್ಟಿ, ಚಾಪೆ, ಲೋಟದ ಕೆಳಗಿಡುವ ಬಿಲ್ಲೆ, ದೀಪದ ಮುಚ್ಚಳ. ಮಳೆಗಾಲದಲ್ಲಿ ಪಟ್ಟೆ ಒಣಗುವುದು ತಡ, ಬೂಷ್ಟು ಹಿಡಿಯುವ ಭಯ ಬೇರೆ, ಬೇಸಗೆಯಲ್ಲೇ ಒಣಗಿಸಿಟ್ಟುಕೊಳ್ಳಬೇಕು.

ಇದನ್ನು ಸುಸ್ಥಿರ ಅಭಿವೃದ್ಧಿಯ ಮಾದರಿ ಎನ್ನಲು ಗಟ್ಟಿ ಕಾರಣಗಳಿವೆ. ಕಚ್ಚಾ ಮಾಲು ಊರಿನ ತೋಟದ್ದೇ, ಅದೂ ಕೃಷಿಯ ತ್ಯಾಜ್ಯ. ಕೊಳವೆಬಾವಿ, ದೊಡ್ಡ ಯಂತ್ರ, ವಿದ್ಯುತ್ ಯಾವುದೂ ಬೇಡ. ಹೊಲದ ಕೂಲಿ ಇಲ್ಲದ ದಿನ ಮನೆಯ ಕಟ್ಟೆಯ ಮೇಲೆ ಕೂತು ಮಾಡಬಹುದು. ಹಣ ಹೆಂಗಸರ ಕೈಗೆ ಬರುತ್ತದೆ. ಇಲ್ಲಿ ಮರೆಯಬಾರದ ಸಂಗತಿ, ಈ ಕೆಲಸ ಆರಂಭವಾದದ್ದು ಸಿಎಸ್‌ಆರ್ ಕಾಯ್ದೆ ಬರುವುದಕ್ಕೆ ಹದಿನೈದು ವರ್ಷಕ್ಕೂ ಹಿಂದೆ. ಊರಿನಲ್ಲೇ ನೆಲೆ ನಿಂತ ಸಂಸ್ಥೆಯೊಂದು ಹಳೆಯ ಮನೆಗಳನ್ನು ದುರಸ್ತಿ ಮಾಡುವುದು, ಕಸ ವಿಂಗಡಿಸುವುದು, ಮಕ್ಕಳಿಗೆ ಹಾಡು-ನಾಟಕ ಕಲಿಸುವುದು, ಪ್ರವಾಸಿಗರಿಗೆ ಸಾಂಪ್ರದಾಯಿಕ ಮನೆಯಲ್ಲೇ ವಾಸ್ತವ್ಯ ಒದಗಿಸುವುದು, ಇವೆಲ್ಲವನ್ನೂ ಒಂದಕ್ಕೊಂದು ಹೆಣೆಯಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೂಡಿ 2000ರ ದಶಕದಲ್ಲಿ ನಡೆಸಿದ ಗ್ರಾಮೀಣ ಪ್ರವಾಸೋದ್ಯಮ ಯೋಜನೆಯ ತಾಣಗಳಲ್ಲಿ ಆನೆಗೊಂದಿಯೂ ಬನವಾಸಿಯೂ ಇದ್ದವು.

ಹಾಗಾದರೆ ಕಂಪನಿಯ ಹಣಕ್ಕೆ ಇಲ್ಲಿ ಏನು ಕೆಲಸ? ತರಬೇತಿಯ ಖರ್ಚು ಒಂದು ಸಲದ್ದು. ಪ್ರತಿ ತಿಂಗಳ ಚಿಂತೆ ಬೇರೆಯೇ: ಹೊಸ ವಿನ್ಯಾಸ, ದಾಸ್ತಾನಿಗೆ ಕೋಣೆ, ಕಚ್ಚಾ ಮಾಲಿಗೆ ಮುಂಗಡ, ಬೇಡಿಕೆ ಕುಸಿದಾಗ ತಡೆದುಕೊಳ್ಳುವ ಶಕ್ತಿ. ಕೋವಿಡ್ ಸೋಂಕಿನ ಕಾಲದಲ್ಲಿ ಹಂಪಿಗೆ ಪ್ರವಾಸಿಗರೇ ಬಾರದಿದ್ದಾಗ ಅಂಗಡಿಯ ಮೇಲೆ ನಿಂತ ಕಸುಬುಗಳೆಲ್ಲ ನಲುಗಿದವು. ‘ಇಷ್ಟು ಮಹಿಳೆಯರಿಗೆ ತರಬೇತಿ’ ಎಂಬ ಅಂಕಿ ವಾರ್ಷಿಕ ವರದಿಗೆ ಸಾಕು. ಐದು ವರ್ಷದ ಮೇಲೆ ಅವರಲ್ಲಿ ಎಷ್ಟು ಜನ ಅದೇ ಕೆಲಸದಿಂದ ಸಂಪಾದಿಸುತ್ತಿದ್ದಾರೆ ಎಂಬ ಅಂಕಿಯೇ ಸುಸ್ಥಿರತೆಯ ಅಂಕಿ. ಕಂಪನಿ ತನ್ನ ಅತಿಥಿಗೃಹಕ್ಕೆ, ಹಬ್ಬದ ಉಡುಗೊರೆಗೆ ವರ್ಷವರ್ಷವೂ ಚೀಲ, ಬುಟ್ಟಿ ಕೊಂಡರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರಲಿಕ್ಕಿಲ್ಲ, ಆದರೆ ಕಸುಬನ್ನು ಉಳಿಸುವುದು ಅದೇ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಕಟ್ಟಿಗೆ ಗೊಂಬೆಗಳ ಮಾತೂ ಇದೇ. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಗಿರಾಕಿ ಖಾಯಂ ಸಿಗಬೇಕಿದೆ. ಅದೇ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಉತ್ಪಾದನಾ ವಲಯ ತಲೆಯೆತ್ತಿದೆ. ಎರಡೂ ಗೊಂಬೆಗಳೇ, ಆದರೆ ಎರಡರ ಅರ್ಥವ್ಯವಸ್ಥೆಗೆ ಸದ್ಯಕ್ಕೆ ಪರಿಚಯವಿಲ್ಲ.

ಸ್ಮಾರಕ ಮತ್ತು ಪ್ರವಾಸಿ

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಸಮೂಹದ ಜೆಎಸ್‌ಡಬ್ಲ್ಯೂ ಫೌಂಡೇಶನ್, ಆನೆಗೊಂದಿ ಬಳಿಯ ಚಂದ್ರಮೌಳೇಶ್ವರ ದೇವಸ್ಥಾನದ ಸಂರಕ್ಷಣೆಗೆ ನೆರವಾಗಿದೆ. ಕಲ್ಲು ಕಟ್ಟಡದ ಸಂರಕ್ಷಣೆ ಬಣ್ಣ ಬಳಿದಂತಲ್ಲ: ಪ್ರತಿ ಕಲ್ಲಿಗೆ ಸಂಖ್ಯೆ ಬರೆದು, ನಕ್ಷೆ ತೆಗೆದು, ಬಿಚ್ಚಿ, ತಳ ಗಟ್ಟಿ ಮಾಡಿ, ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಅವಸರದ ಹಣಕ್ಕೆ ಇದು ಒಗ್ಗುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ಮಾರಕ ದತ್ತು ಯೋಜನೆ ಖಾಸಗಿಯವರಿಗೆ ಬಾಗಿಲು ತೆರೆಯಿತಾದರೂ ಅದರ ಒತ್ತು ಶೌಚಾಲಯ, ಫಲಕ, ಬೆಳಕಿನಂಥ ಸೌಲಭ್ಯಗಳ ಮೇಲೆ.

ಪ್ರವಾಸಿಗರ ಭಾರ ಇನ್ನೊಂದು ಮುಖ. ತಳವಾರಘಟ್ಟ–ಆನೆಗೊಂದಿ ನಡುವೆ ಸೇತುವೆ ಕಟ್ಟಲು ಹೊರಟದ್ದಕ್ಕಾಗಿಯೇ ಯುನೆಸ್ಕೊ ಹಂಪಿಯನ್ನು 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಜೀವಗಳನ್ನು ಬಲಿ ತೆಗೆದುಕೊಂಡಿತು. ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2020ರಲ್ಲಿ ನೆಲಸಮ ಮಾಡಲಾಯಿತು. ಒಂದು ಕಡೆ ಪರಂಪರೆ, ಇನ್ನೊಂದು ಕಡೆ ಆಸ್ಪತ್ರೆಗೆ, ಮಾರುಕಟ್ಟೆಗೆ ಹರಿಗೋಲಿನಲ್ಲಿ ಹೊಳೆ ದಾಟಬೇಕಾದ ಜನ. ಸುಸ್ಥಿರತೆಯ ಮಾತಾಡುವವರು ಈ ಎರಡನೆಯ ಪಕ್ಷವನ್ನು ಮರೆತದ್ದೇ ಹೆಚ್ಚು.

ಇನ್ನೊಂದು ಸಂಗತಿಯನ್ನು ಬದಿಯಲ್ಲಿ ಹೇಳಬೇಕು. ಈ ಸೀಮೆಯ ದಿನದ ಅರ್ಥವ್ಯವಸ್ಥೆಯನ್ನು ನಡೆಸುವವರಲ್ಲಿ ಹಲವರು ಸಿಎಸ್‌ಆರ್ ಕಾನೂನಿನ ಹೊರಗಿದ್ದಾರೆ. ಪಾಲುದಾರಿಕೆಯಲ್ಲಿ ನಡೆಯುವ ಅಕ್ಕಿ ಗಿರಣಿ, ಮನೆತನದ ಲಾಡ್ಜು, ಸಾಣಾಪುರದ ಹೋಂಸ್ಟೇ ಯಾವುವೂ ಕಂಪನಿ ಕಾಯ್ದೆಯ ಕಂಪನಿಗಳಲ್ಲ. ಅಂಜನಾದ್ರಿಯ ಬುಡದಲ್ಲಿ ಬೀಳುವ ಪ್ಲಾಸ್ಟಿಕ್ ಬಾಟಲಿಯ ಹೊಣೆ ಕೊನೆಗೆ ಗ್ರಾಮ ಪಂಚಾಯಿತಿಯ ಒಂದು ಟ್ರ್ಯಾಕ್ಟರ್ ಮೇಲೆ ಬೀಳುತ್ತದೆ.

ಕುಡಿಯುವ ನೀರು

ಕುಷ್ಟಗಿ, ಯಲಬುರ್ಗಾ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುಗಟ್ಟುವುದು, ಮೂಳೆ ಬಾಗುವುದು ಇಲ್ಲಿನ ಹಳೆಯ ಸಂಕಟ. ಹೀಗಾಗಿ ಶುದ್ಧ ನೀರಿನ ಘಟಕ ಸರ್ಕಾರದ, ಕಂಪನಿಗಳ ಅಚ್ಚುಮೆಚ್ಚಿನ ಕೊಡುಗೆ. ನಾಣ್ಯ ಹಾಕಿ ಕ್ಯಾನ್ ಹಿಡಿಯುವ ಆ ಸಣ್ಣ ಕೋಣೆ ಕೆಲಸ ಮಾಡುವಷ್ಟು ದಿನ ನಿಜವಾದ ಉಪಕಾರ. ಆದರೆ ಸೋಸುವ ಪೊರೆ ಕಾಲಕಾಲಕ್ಕೆ ಬದಲಾಗಬೇಕು, ಪಂಪು ಸುಟ್ಟರೆ ಕಟ್ಟಿಸಬೇಕು, ಕರೆಂಟ್ ಬಿಲ್ ತುಂಬಬೇಕು. ನಾಣ್ಯದ ಪೆಟ್ಟಿಗೆಯಲ್ಲಿ ಬೀಳುವ ಹಣ ಇಷ್ಟಕ್ಕೆಲ್ಲ ಸಾಲದಿದ್ದರೆ ಉಳಿದದ್ದು ಯಾರದು ಎಂದು ಉದ್ಘಾಟನೆಯ ದಿನವೇ ಬರೆದಿಟ್ಟಿರದಿದ್ದರೆ, ಘಟಕಕ್ಕೆ ಬೀಗ ಬೀಳುವುದು ಗ್ಯಾರಂಟಿ. ಘಟಕ ಹೊರಚೆಲ್ಲುವ ಉಪ್ಪುನೀರು ಬೇರೆ. ಅದು ಚರಂಡಿಗೆ ಹೋಗಿ ಅದೇ ನೆಲಕ್ಕೆ ಇಂಗುತ್ತದೆ. ಬಿತ್ತುವಟ್ಟದ ಲೆಕ್ಕ ಗೊತ್ತಿದ್ದ ನಾಡಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿ ಬಂದಿರುವುದು ವಿಚಿತ್ರ.

2019ರಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಮಠದ ಸ್ವಾಮೀಜಿ ಮುಂದೆ ನಿಂತು, ಜನರ ದೇಣಿಗೆ ಮತ್ತು ಶ್ರಮದಿಂದ ಹಿರೇಹಳ್ಳವನ್ನು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಸ್ವಚ್ಛಗೊಳಿಸಿದರು. ಮುಳ್ಳುಕಂಟಿ, ಹೂಳು ತುಂಬಿದ ಹಳ್ಳಕ್ಕೆ ಹರಿವು ಮರಳಿತು. ಕಂಪನಿ ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಂದೊಂದು ಊರಿಗೆ ಒಂದೊಂದು ಘಟಕ ಕೊಡುವುದಕ್ಕೂ ಇಡೀ ಜಲಮೂಲವನ್ನು ಹಿಡಿದು ಕೆಲಸ ಮಾಡುವುದಕ್ಕೂ ಇರುವ ಅಂತರ ಅದರಿಂದ ತಿಳಿಯಿತು.

ಕಾರ್ಖಾನೆಯ ಹೊಗೆ

ಕೊಪ್ಪಳ ತಾಲ್ಲೂಕಿನಲ್ಲಿ 1990ರ ದಶಕದಿಂದ ಕಬ್ಬಿಣ, ಉಕ್ಕಿನ ಉದ್ಯಮ ಬೆಳೆದಿದೆ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್, ಗಿಣಿಗೇರಾದಲ್ಲಿ ಹೊಸಪೇಟೆ ಸ್ಟೀಲ್ಸ್, ಜೊತೆಗೆ ಹಲವು ಸ್ಪಾಂಜ್ ಐರನ್ ಘಟಕಗಳು. ಸಂಡೂರಿನ ಅದಿರು, ತುಂಗಭದ್ರೆಯ ನೀರು, ರೈಲು ಮಾರ್ಗ ಮೂರೂ ಹತ್ತಿರ ಇರುವುದು ಇದಕ್ಕೆ ಕಾರಣ. ಉದ್ಯೋಗ ಬಂದಿದೆ, ಸಿಎಸ್‌ಆರ್ ಹಣವೂ ಬರುತ್ತಿದೆ. ಬೆಳೆಯ ಮೇಲೆ, ಮನೆಯ ಮಾಳಿಗೆಯ ಮೇಲೆ ಕಪ್ಪು ಧೂಳು ಕೂರುತ್ತದೆಂದು ಸುತ್ತಲ ಹಳ್ಳಿಗಳ ರೈತರು ವರ್ಷಗಳಿಂದ ದೂರುತ್ತಲೂ ಇದ್ದಾರೆ. ಬಲ್ಡೋಟ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆಯ ಪ್ರಸ್ತಾಪ ಬಂದಾಗ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ನಡೆಯಿತು. ಗವಿಮಠದ ಸ್ವಾಮೀಜಿಯೂ ಬೀದಿಗೆ ಬಂದರು.

ಇಲ್ಲಿ ಹೊಣೆಗಾರಿಕೆಯ ಎರಡು ಅರ್ಥಗಳನ್ನು ಬೇರೆ ಮಾಡಿ ನೋಡಬೇಕು. ಲಾಭದ ಶೇ 2ರಷ್ಟನ್ನು ಹೇಗೆ ಖರ್ಚು ಮಾಡಿದಿರಿ ಎಂಬುದು ಒಂದು. ಉಳಿದ ಶೇ 98ರಷ್ಟನ್ನು ಹೇಗೆ ಗಳಿಸಿದಿರಿ ಎಂಬುದು ಇನ್ನೊಂದು. ಸುಸ್ಥಿರ ಅಭಿವೃದ್ಧಿಗೆ ಎರಡನೆಯದೇ ಮುಖ್ಯ. ಚಿಮಣಿಗೆ ಧೂಳು ಹಿಡಿಯುವ ಯಂತ್ರ ಹಾಕಿ ರಾತ್ರಿಯೂ ಚಾಲೂ ಇಡುವುದು ಪರಿಸರ ಕಾನೂನಿನ ಪಾಲನೆ. ಅದನ್ನು ದಾನದ ಪಟ್ಟಿಯಲ್ಲಿ ತೋರಿಸುವಂತಿಲ್ಲ, ದಾನ ಮಾಡಿ ಅದರಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಪಕ್ಕದ ಬಳ್ಳಾರಿಯ ಪಾಠ ಇದನ್ನೇ ಹೇಳುತ್ತದೆ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರಲ್ಲಿ ವರದಿ ಕೊಟ್ಟರು, ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಅದಿರು ಮಾರಾಟದ ಹಣದಿಂದಲೇ ದೊಡ್ಡ ನಿಧಿ ಕೂಡಿಬಂತು. ಅದು ಪರಿಹಾರ, ಯಾರ ಉದಾರತೆಯೂ ಅಲ್ಲ.

ಷೇರುಪೇಟೆಯ ನಿಯಂತ್ರಕ ಸೆಬಿ 2021ರಲ್ಲಿ ತಂದ ನಿಯಮದಂತೆ ಮೊದಲ ಸಾವಿರ ನೋಂದಾಯಿತ ಕಂಪನಿಗಳು ತಾವು ಬಳಸುವ ನೀರು, ವಿದ್ಯುತ್, ಹೊರಬಿಡುವ ಅನಿಲ, ತ್ಯಾಜ್ಯದ ವಿವರವನ್ನು ವರ್ಷವರ್ಷ ಪ್ರಕಟಿಸಬೇಕು. ಸಿಎಸ್‌ಆರ್ ವರದಿಗಿಂತ ಈ ವರದಿ ಓದುವುದು ಕಷ್ಟ, ಆದರೆ ಗಿಣಿಗೇರಾದ ರೈತನಿಗೆ ಉಪಯೋಗವಾಗುವುದು ಇದೇ.

ಹಣದ ದಾರಿ

ದೇಶದಲ್ಲಿ ಸಿಎಸ್‌ಆರ್ ವೆಚ್ಚ 2014-15ರಲ್ಲಿ ಸುಮಾರು 10 ಸಾವಿರ ಕೋಟಿ ರೂಪಾಯಿ ಇತ್ತು, 2022-23ಕ್ಕೆ ಸುಮಾರು 30 ಸಾವಿರ ಕೋಟಿ ಮುಟ್ಟಿತು. ಹೆಚ್ಚು ಪಡೆಯುವ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಆದರೆ ಹಣ ಕಂಪನಿ ಇರುವಲ್ಲಿಗೇ ಹರಿಯುತ್ತದೆ, ಕೊರತೆ ಇರುವಲ್ಲಿಗಲ್ಲ; ಸ್ಥಳೀಯ ಆದ್ಯತೆಯ ನಿಯಮವೇ ಅದಕ್ಕೆ ದಾರಿ ಮಾಡಿಕೊಟ್ಟಿದೆ. ಬೆಂಗಳೂರಿಗೆ ಅದು ವರ, ಗಿಣಿಗೇರಾಕ್ಕೆ ಒಂದಿಷ್ಟು ಸಮಾಧಾನ. ಕುಷ್ಟಗಿಯಂಥ ತಾಲ್ಲೂಕಿಗೆ ಅದು ಮುಟ್ಟುವುದು ಕಡಿಮೆ. ಸಂವಿಧಾನದ 371(ಜೆ) ವಿಧಿಯ ಬಲದಲ್ಲಿ ಕಲ್ಯಾಣ ಕರ್ನಾಟಕಕ್ಕೆ ಬರುವ ಸರ್ಕಾರಿ ಅನುದಾನದ ಜಾಗವನ್ನು ಸಿಎಸ್‌ಆರ್ ತುಂಬಲಾರದು, ತುಂಬಬೇಕೆಂದು ನಿರೀಕ್ಷಿಸುವುದೂ ತಪ್ಪು.

ಕಂಪನಿ ತನ್ನ ಸಿಎಸ್‌ಆರ್ ನೀತಿಯನ್ನೂ ಮಂಜೂರಾದ ಯೋಜನೆಗಳನ್ನೂ ತನ್ನ ಜಾಲತಾಣದಲ್ಲಿ ಹಾಕಬೇಕೆಂಬುದು ನಿಯಮ. ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿವಾರು, ರಾಜ್ಯವಾರು ಖರ್ಚಿನ ವಿವರ ಯಾರು ಬೇಕಾದರೂ ನೋಡಬಹುದು. ಅದಕ್ಕೆ ಅರ್ಜಿ, ಶುಲ್ಕ ಏನೂ ಬೇಡ. ಗ್ರಾಮಸಭೆಗೆ ಹೋಗುವವರು ಆ ಹಾಳೆಯನ್ನು ಮುದ್ರಿಸಿಕೊಂಡು ಹೋಗಿ, ತಮ್ಮೂರಿನ ಘಟಕದ ದುರಸ್ತಿಯ ಹೊಣೆ ಯಾರ ಹೆಸರಿನಲ್ಲಿದೆ ಎಂದು ಕೇಳಬಹುದು.